ಮಧ್ಯಾಹ್ನ 12ಕ್ಕೆ ಹಾಕಿದ ಎರಡನೇ ತುಂಡು: ನೋವು ಬರಿಸುವ ಮಾತ್ರೆಯ ಒಂದು ಪ್ರಕರಣ

ನಮ್ಮ ಹೆರಿಗೆ ವಾರ್ಡಿನ ಟ್ರೇಯಲ್ಲಿ ಒಂದು ಬ್ಲೇಡ್ ಇರುತ್ತಿತ್ತು. ಮಾತ್ರೆ ಕತ್ತರಿಸುವುದಕ್ಕೆ. ಮಿಸೊಪ್ರೊಸ್ಟಾಲ್ ಮಾತ್ರೆ ನಮ್ಮ ಕೈಗೆ ಬರುತ್ತಿದ್ದದ್ದು 200 ಮೈಕ್ರೋಗ್ರಾಂನದ್ದು. ಹೆರಿಗೆ ನೋವು ಬರಿಸೋಕೆ ಬೇಕಾದ್ದು 25. ಅಂದರೆ ಒಂದು ಮಾತ್ರೆಯ ಎಂಟನೇ ಒಂದು ಪಾಲು. ಅರ್ಧ ಮಾಡಿ, ಅದನ್ನು ಮತ್ತೆ ಅರ್ಧ ಮಾಡಿ, ಅದನ್ನೂ ಅರ್ಧ ಮಾಡಬೇಕು. ಕೊನೆಗೆ ಸಿಗೋದು ಕತ್ತರಿಸಿದ ಉಗುರಿನಷ್ಟು ಬಿಳಿ ಚೂರು, ಸುತ್ತ ಒಂದಿಷ್ಟು ಪುಡಿ. ಆ ಪುಡಿ ಯಾರ ಲೆಕ್ಕಕ್ಕೆ ಅಂತ ನಾವ್ಯಾರೂ ಕೇಳಿಕೊಂಡಿರಲಿಲ್ಲ.

ಈ ಪ್ರಕರಣ ಬರೆಯುತ್ತಿರುವುದು ಆ ಚೂರಿನಿಂದಾಗಿ. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ ಅಂತ ಮೊದಲೇ ಹೇಳಿಬಿಡುತ್ತೇನೆ. ಬಸುರಿಯೊಬ್ಬಳು ಇದನ್ನು ಓದುತ್ತಿದ್ದರೆ ಕೊನೆವರೆಗೂ ಉಸಿರು ಹಿಡಿದು ಕೂರೋದು ಬೇಡ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ತಪ್ಪು ಎಲ್ಲಿ ಆಯಿತು ಅನ್ನೋದನ್ನು ಮಾತ್ರ ಬದಲಿಸಿಲ್ಲ.

ಯಾಕೆ ನೋವು ಬರಿಸಬೇಕಾಯಿತು

ಆಕೆಗೆ 26 ವರ್ಷ. ಮೊದಲ ಬಸಿರು. 41 ವಾರ ಮುಗಿದು ಒಂದು ದಿನ ಆಗಿತ್ತು. ಒಂಬತ್ತನೇ ವಾರದಲ್ಲೇ ಸ್ಕ್ಯಾನ್ ಆಗಿದ್ದರಿಂದ ದಿನದ ಲೆಕ್ಕದಲ್ಲಿ ಗೊಂದಲ ಇರಲಿಲ್ಲ. ಇದು ಸಣ್ಣ ವಿಷಯ ಅಲ್ಲ. ಡೇಟ್ ದಾಟಿದೆ ಅಂತ ಗಾಬರಿಯಾಗಿ ಬರುವ ಎಷ್ಟೋ ಜನರಿಗೆ ನಿಜಕ್ಕೂ ಡೇಟ್ ದಾಟಿರುವುದಿಲ್ಲ. ಮುಟ್ಟಿನ ಲೆಕ್ಕ ತಪ್ಪಿರುತ್ತದೆ ಅಷ್ಟೇ. ಮೊದಲ ಮೂರು ತಿಂಗಳ ಸ್ಕ್ಯಾನ್ ಇಲ್ಲದೆ ಮಾತ್ರೆ ಹಾಕಿದರೆ ಇನ್ನೂ ಬಲಿಯದ ಮಗುವನ್ನು ಹೊರಗೆ ಎಳೆದ ಹಾಗೆ ಆಗಬಹುದು.

ಬಿಪಿ ಸರಿಯಿತ್ತು, ಸಕ್ಕರೆ ಇರಲಿಲ್ಲ. ಮಗುವಿನ ಸುತ್ತಲಿನ ನೀರು ಸ್ವಲ್ಪ ಇಳಿಮುಖ, ಆದರೆ ಸಾಕಷ್ಟಿತ್ತು. ಮಗು ಚೆನ್ನಾಗಿ ಒದೆಯುತ್ತಿತ್ತು. ಹಾಗಾದರೆ ಸುಮ್ನೆ ಕಾಯಬಹುದಿತ್ತಲ್ವಾ? ಆಕೆಯ ತಾಯಿ ಕೇಳಿದ್ದೂ ಅದನ್ನೇ. "ಹಣ್ಣಾದಾಗ ತಾನೇ ಬೀಳತ್ತೆ ಮೇಡಂ, ಯಾಕೆ ಅವಸರ?"

ಒಳ್ಳೆ ಪ್ರಶ್ನೆ. 41 ವಾರದವರೆಗೆ ಕಾಯೋದಕ್ಕೆ ನನ್ನದೇನೂ ತಕರಾರಿಲ್ಲ. ಅಲ್ಲಿಂದಾಚೆಗೆ ಮಾಸು ಹಳತಾಗುತ್ತಾ ಹೋಗುತ್ತದೆ. ಹೊಟ್ಟೆಯಲ್ಲೇ ಮಗು ತೀರಿಹೋಗುವ ಅಪಾಯ ತೀರಾ ಕಡಿಮೆಯಾದರೂ ದಿನದಿಂದ ದಿನಕ್ಕೆ ಏರುತ್ತದೆ. ಸ್ವೀಡನ್‌ನಲ್ಲಿ ನಡೆದ ಸ್ವೆಪಿಸ್ ಅಧ್ಯಯನದ ಫಲಿತಾಂಶ 2019ರಲ್ಲಿ ಬಂತು. ಸುಮಾರು 2,760 ಹೆಂಗಸರನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ 41 ವಾರಕ್ಕೇ ನೋವು ಬರಿಸಿದರು, ಇನ್ನೊಂದು ಗುಂಪು 42ರವರೆಗೆ ಕಾಯಿತು. ಕಾದ ಗುಂಪಿನಲ್ಲಿ ಆರು ಶಿಶುಗಳು ತೀರಿಕೊಂಡವು, ಇನ್ನೊಂದರಲ್ಲಿ ಒಂದೂ ಇಲ್ಲ. ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಿಬಿಟ್ಟರು. ವಿಶ್ವ ಆರೋಗ್ಯ ಸಂಸ್ಥೆ ಕೂಡ 41 ವಾರ ಖಚಿತವಾಗಿ ತುಂಬಿದವರಿಗೆ ನೋವು ಬರಿಸಬಹುದು ಅನ್ನುತ್ತದೆ. ಇದನ್ನೆಲ್ಲ ಆ ಅಮ್ಮನಿಗೆ ನಾನು ಅಂಕಿಯಲ್ಲಿ ಹೇಳಲಿಲ್ಲ. "ಹಣ್ಣು ಮರದಲ್ಲೇ ಜಾಸ್ತಿ ದಿನ ಉಳಿದರೂ ಕೆಡತ್ತಲ್ವಾ" ಅಂದೆ. ಒಪ್ಪಿಕೊಂಡರು.

ಗಂಡನಿಗೆ ಬೇರೆ ಭಯ. ನೋವು ಬರಿಸಿದರೆ ಕೊನೆಗೆ ಸಿಸೇರಿಯನ್ನೇ ಆಗುತ್ತದೆ ಅಂತ ಯಾರೋ ಹೇಳಿದ್ದರಂತೆ. ಈ ಮಾತು ಎಲ್ಲ ಕಡೆ ಓಡಾಡುತ್ತದೆ. ತಾನಾಗೇ ನೋವು ಬಂದವರ ಜೊತೆ ಹೋಲಿಸಿದರೆ ಹಾಗೇ ಕಾಣುತ್ತದೆ, ನಿಜ. ಆದರೆ ಇವತ್ತು ನನ್ನ ಮುಂದೆ ಕೂತಿರುವವಳಿಗೆ ನೋವು ತಾನಾಗಿ ಬಂದಿಲ್ಲ. ಅವಳ ಮುಂದಿರುವ ದಾರಿ ಎರಡೇ: ಈಗ ಬರಿಸೋದು ಅಥವಾ ಕಾಯೋದು. ಹಾಗೆ ಹೋಲಿಸಿದಾಗ ಲೆಕ್ಕ ತಿರುಗುತ್ತದೆ. ಅಮೆರಿಕದ ಅರೈವ್ ಅಧ್ಯಯನ (2018) ಮೊದಲ ಹೆರಿಗೆಯ, ಯಾವ ತೊಂದರೆಯೂ ಇಲ್ಲದ 6,106 ಹೆಂಗಸರನ್ನು ನೋಡಿತು. 39 ವಾರಕ್ಕೆ ನೋವು ಬರಿಸಿದವರಲ್ಲಿ ಸಿಸೇರಿಯನ್ ಶೇ. 18.6, ಕಾದವರಲ್ಲಿ ಶೇ. 22.2. ಹಾಗಂತ ಎಲ್ಲರಿಗೂ 39ಕ್ಕೇ ಮಾತ್ರೆ ಹಾಕಿ ಅಂತ ನಾನು ಹೇಳುವವಳಲ್ಲ. ಅಲ್ಲಿ ಸಿಕ್ಕಿದ ನಿಗಾ ಎಲ್ಲ ಆಸ್ಪತ್ರೆಯಲ್ಲೂ ಸಿಗುವುದಿಲ್ಲ. ಆ ನಿಗಾ ಇಲ್ಲದಿದ್ದರೆ ಏನಾಗುತ್ತದೆ ಅನ್ನೋದೇ ಈ ಪ್ರಕರಣ.

ಮಾತ್ರೆ, ಜೆಲ್, ಬಲೂನು

ಒಳಗೆ ಪರೀಕ್ಷೆ ಮಾಡಿದಾಗ ಗರ್ಭಕೋಶದ ಬಾಯಿ 1 ಸೆಂ.ಮೀ. ತೆರೆದಿತ್ತು. ಇನ್ನೂ ಉದ್ದ ಇತ್ತು, ಪೂರ್ತಿ ಮೆತ್ತಗಾಗಿರಲಿಲ್ಲ, ಹಿಂದಕ್ಕೆ ತಿರುಗಿತ್ತು. ಮಗುವಿನ ತಲೆ ಮೇಲೇ ಇತ್ತು. ಇದನ್ನೆಲ್ಲ ಸೇರಿಸಿ ಕೊಡುವ ಅಂಕಕ್ಕೆ ಬಿಷಪ್ ಸ್ಕೋರ್ ಅನ್ನುತ್ತಾರೆ. ಎಡ್ವರ್ಡ್ ಬಿಷಪ್ ಅನ್ನುವ ವೈದ್ಯರು 1964ರಲ್ಲಿ ಕೊಟ್ಟ ಲೆಕ್ಕ. 13ಕ್ಕೆ ಆಕೆಗೆ ಬಂದಿದ್ದು 3. ಆರು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮೊದಲು ಬಾಯಿಯನ್ನು ಹದ ಮಾಡಬೇಕು, ನೇರವಾಗಿ ನೋವಿನ ಡ್ರಿಪ್ ಹಾಕಿದರೆ ಸುಮ್ನೆ ಗುದ್ದಾಡಿದ ಹಾಗೆ.

ಹದ ಮಾಡೋಕೆ ನಮ್ಮ ಹತ್ತಿರ ಮೂರು ದಾರಿ ಇದ್ದವು. ಮೊದಲನೆಯದು ಬಲೂನು. ಮೂತ್ರಕ್ಕೆ ಹಾಕುವ ಫೋಲಿ ಕೊಳವೆಯನ್ನೇ ಗರ್ಭಕೋಶದ ಬಾಯೊಳಗೆ ತೂರಿಸಿ ನೀರು ತುಂಬಿಸೋದು. ಔಷಧಿ ಇಲ್ಲ, ಹಾಗಾಗಿ ನೋವು ಹದ್ದು ಮೀರುವ ಭಯ ಬಹಳ ಕಡಿಮೆ. ಎರಡನೆಯದು ಡೈನೊಪ್ರೋಸ್ಟೋನ್ ಜೆಲ್. ಇದಕ್ಕೆ ಫ್ರಿಡ್ಜ್ ಬೇಕು. ಇದೇ ಔಷಧಿ ದಾರ ಕಟ್ಟಿದ ಪಟ್ಟಿಯ ರೂಪದಲ್ಲೂ ಬರುತ್ತದೆ. ನೋವು ಜಾಸ್ತಿಯಾದರೆ ದಾರ ಎಳೆದರಾಯಿತು, ಹೊರಗೆ ಬರುತ್ತದೆ. ಮೂರನೆಯದು ಮಿಸೊಪ್ರೊಸ್ಟಾಲ್. ಫ್ರಿಡ್ಜ್ ಬೇಡ, ಚೆನ್ನಾಗಿ ಕೆಲಸ ಮಾಡುತ್ತದೆ.

ಮಿಸೊಪ್ರೊಸ್ಟಾಲ್ ಹುಟ್ಟಿದ್ದು ಹೆರಿಗೆಗಲ್ಲ. ಮೈಕೈ ನೋವು ಕಡಿಮೆ ಮಾಡುವ ಮಾತ್ರೆ ಜಾಸ್ತಿ ತಿಂದು ಹೊಟ್ಟೆಹುಣ್ಣು ಆಗದಿರಲಿ ಅಂತ. ಅಮೆರಿಕದಲ್ಲಿ 1988ರಲ್ಲಿ ಒಪ್ಪಿಗೆ ಸಿಕ್ಕಿದ್ದೂ ಅದಕ್ಕೇ. ಗರ್ಭಕೋಶವನ್ನು ಹಿಂಡುತ್ತದೆ ಅನ್ನೋದು ಆಗ ಅಡ್ಡಪರಿಣಾಮದ ಪಟ್ಟಿಯಲ್ಲಿತ್ತು. ಪ್ರಸೂತಿ ವೈದ್ಯರು ಆ ಅಡ್ಡಪರಿಣಾಮವನ್ನೇ ಕೆಲಸಕ್ಕೆ ಹಚ್ಚಿದರು. 2000ದಲ್ಲಿ ತಯಾರಕರಾದ ಸರ್ಲ್ ಕಂಪನಿಯವರೇ ವೈದ್ಯರಿಗೆ ಪತ್ರ ಬರೆದು ಬಸುರಿಯರಿಗೆ ಕೊಡಬೇಡಿ ಅಂದರು. ಆದರೂ ಅಷ್ಟರಲ್ಲಿ ಅಧ್ಯಯನಗಳು ರಾಶಿ ಬಿದ್ದಿದ್ದವು. 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 25 ಮೈಕ್ರೋಗ್ರಾಂನ ಮಾತ್ರೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಹೊಟ್ಟೆಹುಣ್ಣಿನ ಡಬ್ಬಿಯ ಚೀಟಿ ಓದಿ "ಬಸುರಿಯರು ತೆಗೆದುಕೊಳ್ಳಬಾರದು ಅಂತಿದೆಯಲ್ಲ" ಎಂದು ಬೆಚ್ಚಿಬೀಳುವ ಗಂಡಂದಿರಿಗೆ ನಾನು ಹೇಳೋದು ಈ ಕಥೆಯನ್ನೇ.

ಆಕೆಗೆ ಬಲೂನು ಬೇಡವೆನಿಸಿತು. ಕೊಳವೆ ನೇತಾಡಿಸಿಕೊಂಡು ಓಡಾಡೋದು ಮುಜುಗರ ಅಂದಳು. ಮಾತ್ರೆಗೆ ಒಪ್ಪಿ ಸಹಿ ಮಾಡಿದಳು. ಸಹಿಗೆ ಮುಂಚೆ ನಾನು ಹೇಳಿದ್ದು ಇಷ್ಟು: ನೋವು ಒಂದರ ಮೇಲೊಂದು ಬರಬಹುದು, ಮಗುವಿನ ಎದೆಬಡಿತ ಇಳಿಯಬಹುದು, ಆಗ ತುರ್ತಾಗಿ ಆಪರೇಷನ್ ಬೇಕಾಗಬಹುದು. ಒಂದು ಮಾತು ಹೇಳಲಿಲ್ಲ. ಡ್ರಿಪ್ ನಿಲ್ಲಿಸಬಹುದು, ದಾರದ ಪಟ್ಟಿ ಎಳೆಯಬಹುದು, ಆದರೆ ಕರಗಿದ ಮಾತ್ರೆಯನ್ನು ವಾಪಸ್ ತೆಗೆಯೋಕೆ ಆಗುವುದಿಲ್ಲ ಅಂತ. ಈಗ ಎಲ್ಲರಿಗೂ ಹೇಳುತ್ತೇನೆ.

ಬೆಳಗ್ಗೆ 6ರಿಂದ ಮಧ್ಯಾಹ್ನ 12

ಬೆಳಗ್ಗೆ ಅರ್ಧ ಗಂಟೆ ಮಗುವಿನ ಎದೆಬಡಿತದ ಪಟ್ಟಿ ತೆಗೆದೆವು. 140ರ ಆಸುಪಾಸು, ಚೆನ್ನಾಗಿತ್ತು. 6 ಗಂಟೆಗೆ ಮೊದಲ ತುಂಡು ಯೋನಿಯೊಳಗೆ ಇಟ್ಟೆ. ಚಾರ್ಟಿನಲ್ಲಿ ನನ್ನ ಕೈಯಲ್ಲೇ ಬರೆದೆ: 25, ಆರು ಗಂಟೆಗೊಮ್ಮೆ. ಮುಂದೆ ಏನನ್ನೂ ಬರೆಯಲಿಲ್ಲ. ಸಹಿ ಹಾಕಿ ಓಪಿಡಿಗೆ ಹೋದೆ.

9ರ ಹೊತ್ತಿಗೆ ಹೊಟ್ಟೆ ಆಗಾಗ ಗಟ್ಟಿಯಾಗುತ್ತಿದೆ ಅಂತ ಸಿಸ್ಟರ್ ಬರೆದಿದ್ದಾರೆ. ಅಲ್ಲಿಂದ 12ರವರೆಗೆ ಚಾರ್ಟಿನಲ್ಲಿ ಬಿಳಿ ಜಾಗ. ಅವತ್ತು ವಾರ್ಡಿನಲ್ಲಿ ಅದೇ ಹೊತ್ತಿಗೆ ಎರಡು ಹೆರಿಗೆ ಆಗುತ್ತಿದ್ದವು, ಇದ್ದದ್ದು ಇಬ್ಬರು ಸಿಸ್ಟರ್. ಯಾರನ್ನೂ ದೂರುವ ಹಾಗಿಲ್ಲ. ಆದರೆ ಬಿಳಿ ಜಾಗ ಬಿಳಿ ಜಾಗವೇ.

12 ಗಂಟೆಗೆ ಡ್ಯೂಟಿಯಲ್ಲಿದ್ದ ಕಿರಿಯ ವೈದ್ಯೆ ಚಾರ್ಟ್ ನೋಡಿದರು. ಆರು ಗಂಟೆ ಆಗಿದೆ. "ನೋವು ಬರ್ತಿದ್ಯಾ?" ಅಂತ ಕೇಳಿದರು.

"ಇಲ್ಲ ಮೇಡಂ, ಸೊಂಟ ಮಾತ್ರ ಹಿಡಿದಂಗಾಗ್ತಿದೆ."

ಎರಡನೇ ತುಂಡು ಒಳಗೆ ಹೋಯಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಮೊದಲ ಹೆರಿಗೆಯ ಹುಡುಗಿಗೆ ಹೆರಿಗೆ ನೋವು ಹೇಗಿರುತ್ತದೆ ಅಂತ ಹೇಗೆ ಗೊತ್ತಿರಬೇಕು? ಹೊಟ್ಟೆಯಲ್ಲಿ ಕಿವುಚಿದ ಹಾಗೆ ಆದರೆ ಮಾತ್ರ ನೋವು ಅಂದುಕೊಂಡಿರುತ್ತಾಳೆ. ಎಷ್ಟೋ ಜನರಿಗೆ ಅದು ಸೊಂಟದಲ್ಲೇ ಶುರುವಾಗೋದು. ಬಿಟ್ಟು ಬಿಟ್ಟು ಹಿಡಿಯುವ ಸೊಂಟ ನೋವು ಹೆರಿಗೆ ನೋವೇ. ಆಕೆಯ ತಾಯಿ ಆಮೇಲೆ ಹೇಳಿದರು: "ಹತ್ತೂವರೆಯಿಂದ ಹಿಡ್ಕೊಳ್ಳೋದು, ಬಿಡೋದು, ಹಿಡ್ಕೊಳ್ಳೋದು, ಬಿಡೋದು. ಮೂರು ನಿಮಿಷಕ್ಕೊಂದ್ಸಲ. ನಾನು ಗೋಡೆ ಗಡಿಯಾರ ನೋಡ್ತಾನೇ ಇದ್ದೆ." ಮಂಚದ ಪಕ್ಕದಲ್ಲೇ ಕೂತಿದ್ದರು. ಯಾರೂ ಅವರನ್ನು ಕೇಳಲಿಲ್ಲ.

ಮೂರು ನಿಮಿಷಕ್ಕೊಮ್ಮೆ ಅಂದರೆ ಹತ್ತು ನಿಮಿಷಕ್ಕೆ ಮೂರು. ಅಷ್ಟು ನೋವು ಇರುವಾಗ ಎರಡನೇ ತುಂಡು ಹಾಕಬಾರದು. ಆರು ಗಂಟೆ ಅನ್ನೋದು ಕನಿಷ್ಠ ಅಂತರ. ಆರು ಗಂಟೆ ಆಯಿತು ಎಂದರೆ ಹಾಕಲೇಬೇಕು ಅಂತಲ್ಲ. ಕಿರಿಯ ವೈದ್ಯೆ ನಾನು ಬರೆದದ್ದನ್ನು ಬರೆದ ಹಾಗೇ ಮಾಡಿದರು. "ನೋವು ಇಲ್ಲದಿದ್ದರೆ ಮಾತ್ರ" ಅನ್ನುವ ಮೂರು ಪದ ನಾನು ಬರೆದಿರಲಿಲ್ಲ.

1 ಗಂಟೆ 10 ನಿಮಿಷ

ಯೋನಿಯಲ್ಲಿಟ್ಟ ಮಿಸೊಪ್ರೊಸ್ಟಾಲ್ ರಕ್ತದಲ್ಲಿ ಗರಿಷ್ಠ ಮಟ್ಟಕ್ಕೆ ಬರೋದು ಒಂದು ಗಂಟೆಯಿಂದ ಒಂದೂಕಾಲು ಗಂಟೆಯ ಹೊತ್ತಿಗೆ. ಬಾಯಿಂದ ನುಂಗಿದರೆ ಅರ್ಧ ಗಂಟೆಗೇ ಏರಿ ಬೇಗ ಇಳಿಯುತ್ತದೆ. ಯೋನಿಯಲ್ಲಿ ನಿಧಾನವಾಗಿ ಏರಿ, ಗಂಟೆಗಟ್ಟಲೆ ಕೂರುತ್ತದೆ. 12ಕ್ಕೆ ಹಾಕಿದ್ದು. 1.10ಕ್ಕೆ ಫೋನ್ ಬಂತು. "ಮೇಡಂ, ಹೊಟ್ಟೆ ಬಿಡ್ತಾನೇ ಇಲ್ಲ."

ಹೋಗಿ ಹೊಟ್ಟೆ ಮೇಲೆ ಕೈಯಿಟ್ಟೆ. ನೋವು ಬಂದಾಗ ಹೊಟ್ಟೆ ಕಲ್ಲಿನ ಹಾಗಾಗುತ್ತದೆ, ಹೋದಾಗ ಮೆತ್ತಗಾಗುತ್ತದೆ. ಆ ಮೆತ್ತಗಾಗುವ ಹೊತ್ತನ್ನೇ ನಾವು ಅಂಗೈಯಲ್ಲಿ ಹುಡುಕೋದು. ಅವತ್ತು ಸಿಗಲಿಲ್ಲ. ಒಂದು ಇಳಿಯುವ ಮುಂಚೆ ಇನ್ನೊಂದು ಏರುತ್ತಿತ್ತು. ಯಂತ್ರದ ಪಟ್ಟಿಯಲ್ಲಿ ಹತ್ತು ನಿಮಿಷಕ್ಕೆ ಏಳು ನೋವು. ಐದಕ್ಕಿಂತ ಜಾಸ್ತಿ ಆದರೆ ಅದು ಅತಿಯಾದ ನೋವು, ಟ್ಯಾಕಿಸಿಸ್ಟೋಲ್. ಮಗುವಿನ ಎದೆಬಡಿತ 140ರಿಂದ 90ಕ್ಕೆ ಬಿದ್ದು ಅಲ್ಲೇ ನಿಂತಿತ್ತು.

ಯಾಕೆ ಬೀಳುತ್ತದೆ ಅಂದರೆ, ಗರ್ಭಕೋಶ ಹಿಂಡಿದಾಗಲೆಲ್ಲ ಮಾಸಿಗೆ ಹೋಗುವ ರಕ್ತ ತಡೆಯುತ್ತದೆ. ಮಗು ಆ ಅರ್ಧ ನಿಮಿಷ, ಒಂದು ನಿಮಿಷ ನೀರಲ್ಲಿ ಮುಳುಗಿದವರ ಹಾಗೆ ಇರುತ್ತದೆ. ನೋವು ಬಿಟ್ಟಾಗ ಮೇಲೆದ್ದು ಉಸಿರು ತೆಗೆದುಕೊಂಡ ಹಾಗೆ. ಆರೋಗ್ಯವಾದ ಮಗುವಿಗೆ ಇದು ದೊಡ್ಡ ಕಷ್ಟವೇ ಅಲ್ಲ, ಎಲ್ಲ ಹೆರಿಗೆಯಲ್ಲೂ ಹೀಗೇ ಆಗೋದು. ಆದರೆ ಮೇಲೇಳೋಕೆ ಬಿಡದೆ ಮತ್ತೆ ಮತ್ತೆ ಮುಳುಗಿಸಿದರೆ?

ಎಡಕ್ಕೆ ಮಲಗಿಸಿದೆವು. ದಪ್ಪ ಸೂಜಿಯಲ್ಲಿ ಸಲೈನ್ ಓಡಿಸಿದೆವು. ಒಳಗೆ ಪರೀಕ್ಷೆ ಮಾಡಿದೆ: ಹೊಕ್ಕುಳಬಳ್ಳಿ ಜಾರಿ ಬಂದಿಲ್ಲ, ರಕ್ತ ಹೋಗುತ್ತಿಲ್ಲ, ಬಾಯಿ 4 ಸೆಂ.ಮೀ. ಉಳಿದ ಮಾತ್ರೆ ಸಿಕ್ಕೀತೇ ಅಂತ ಗಾಜ್ ಬಟ್ಟೆಯಿಂದ ಒರೆಸಿದೆ. ಸಿಕ್ಕಿದ್ದು ಒಂದು ಚಿಟಿಕೆ ಬಿಳಿ ಪುಡಿ. ಉಳಿದದ್ದು ಆಗಲೇ ರಕ್ತಕ್ಕೆ ಸೇರಿತ್ತು. ಟರ್ಬುಟಾಲಿನ್ 0.25 ಮಿ.ಗ್ರಾಂ ಚರ್ಮದಡಿ ಚುಚ್ಚಿದೆವು. ಇದು ಗರ್ಭಕೋಶವನ್ನು ಸಡಿಲ ಮಾಡುವ ಔಷಧಿ. ಯಾರೋ ಅಭ್ಯಾಸಬಲದಿಂದ ಆಕ್ಸಿಜನ್ ಮಾಸ್ಕ್ ತಂದರು. ತಾಯಿಯ ಆಮ್ಲಜನಕದ ಮಟ್ಟ ಸರಿಯಿದ್ದರೆ ಮಾಸ್ಕಿನಿಂದ ಮಗುವಿಗೆ ಲಾಭ ಅಂತ ಸಾಬೀತಾಗಿಲ್ಲ. ಬೇಡ ಅಂದೆ. ಆಪರೇಷನ್ ಥಿಯೇಟರ್‌ಗೆ ಫೋನ್ ಮಾಡಿ ಅರಿವಳಿಕೆ ವೈದ್ಯರನ್ನು ಕರೆಸಿದೆವು.

ಟರ್ಬುಟಾಲಿನ್ ಕೊಟ್ಟರೆ ತಾಯಿಯ ಎದೆ ಡವಡವ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ಆಕೆ ನಡುಗುವ ಕೈಯಲ್ಲಿ ನನ್ನ ಕೋಟಿನ ತುದಿ ಹಿಡಿದು ಕೇಳಿದಳು: "ಆ ಮಾತ್ರೆ ಸೇಫ್ ಅಂದಿದ್ರಲ್ಲ ಮೇಡಂ?"

ನನ್ನ ಹತ್ತಿರ ಆಗ ಉತ್ತರ ಇರಲಿಲ್ಲ. "ಮಾತಾಡಬೇಡಿ, ಉದ್ದಕ್ಕೆ ಉಸಿರು ಬಿಡಿ" ಅಂದೆ.

1.16ಕ್ಕೆ ಅಂಗೈ ಅಡಿಯಲ್ಲಿ ಹೊಟ್ಟೆ ಮೊದಲ ಸಲ ಮೆತ್ತಗಾಯಿತು. 1.19ಕ್ಕೆ ಎದೆಬಡಿತ 120. 1.25ಕ್ಕೆ 138. ಥಿಯೇಟರ್ ಬಾಗಿಲಿಗೆ ತಂದಿದ್ದ ಸ್ಟ್ರೆಚರ್ ಹಾಗೇ ನಿಂತಿತು.

ಪಕ್ಕದ ಬೆಡ್

ಇದೇ ಗಲಾಟೆಯ ನಡುವೆ ಪಕ್ಕದ ಬೆಡ್ಡಿನವರ ಅತ್ತೆ ಸಿಸ್ಟರ್ ಹತ್ತಿರ ಒಂದು ಮಾತು ಕೇಳಿದ್ದರು. "ನಮ್ಮ ಸೊಸೆಗೂ ಅದೇ ಮಾತ್ರೆ ಹಾಕಿಬಿಡಿ, ಡೇಟ್ ಹತ್ರ ಬಂತು." ಆ ಸೊಸೆಗೆ ಮೊದಲನೆಯದು ಸಿಸೇರಿಯನ್.

ಆಕೆಗೆ ಈ ಮಾತ್ರೆ ಹಾಕುವ ಹಾಗೇ ಇಲ್ಲ. ಹಳೆ ಹೊಲಿಗೆ ಇರುವ ಗರ್ಭಕೋಶ ಇಂಥ ಹಿಂಡುವಿಕೆಗೆ ಅಲ್ಲೇ ಬಿಚ್ಚಿಕೊಳ್ಳಬಹುದು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಒಂದು ಸಿಸೇರಿಯನ್ ಆಗಿದ್ದ 20,000ಕ್ಕೂ ಜಾಸ್ತಿ ಹೆಂಗಸರ ದಾಖಲೆ ನೋಡಿ 2001ರಲ್ಲಿ ಒಂದು ಲೆಕ್ಕ ಪ್ರಕಟವಾಯಿತು. ತಾನಾಗಿ ನೋವು ಬಂದವರಲ್ಲಿ ಗರ್ಭಕೋಶ ಹರಿದದ್ದು ಸಾವಿರಕ್ಕೆ 5.2. ಪ್ರೋಸ್ಟಾಗ್ಲಾಂಡಿನ್ (ಗರ್ಭಕೋಶದ ಬಾಯಿ ಹದ ಮಾಡಿ ನೋವು ಬರಿಸುವ ಔಷಧಿಗಳ ಗುಂಪು) ಇಲ್ಲದೆ ನೋವು ಬರಿಸಿದವರಲ್ಲಿ 7.7. ಪ್ರೋಸ್ಟಾಗ್ಲಾಂಡಿನ್ ಹಾಕಿದವರಲ್ಲಿ 24.5. ಮಿಸೊಪ್ರೊಸ್ಟಾಲ್ ಇದೇ ಪ್ರೋಸ್ಟಾಗ್ಲಾಂಡಿನ್ ಕುಟುಂಬದ್ದು. ಹೊಲಿಗೆಯೇ ಇಲ್ಲದ ಗರ್ಭಕೋಶ ಹರಿಯೋದು ತೀರಾ ಅಪರೂಪ. ಆದರೆ ಡೋಸ್ ಮಿತಿಮೀರಿದಾಗ ಅದೂ ಆಗಿರುವುದುಂಟು.

ಹಾಗಾಗಿ "ಸೇಫಾ?" ಅಂತ ಕೇಳಿದರೆ ನಾನು ತಿರುಗಿ ಕೇಳೋದು: ಯಾರಿಗೆ? ಎಷ್ಟು? ಎಷ್ಟು ಹೊತ್ತಿಗೊಮ್ಮೆ? ಪಕ್ಕದಲ್ಲಿ ಯಾರಿರುತ್ತಾರೆ?

ರಾತ್ರಿ

ಉಳಿದ ಕಥೆ ಬೇಗ ಮುಗಿಸುತ್ತೇನೆ. ಅರ್ಧ ಗಂಟೆ ಪಟ್ಟಿ ಚೆನ್ನಾಗಿ ಬಂದದ್ದರಿಂದ ಸಿಸೇರಿಯನ್ ಮಾಡಲಿಲ್ಲ. ನೋವು ಮತ್ತೆ ಶುರುವಾಗಿ ಹತ್ತು ನಿಮಿಷಕ್ಕೆ ಮೂರು, ನಾಲ್ಕಕ್ಕೆ ನಿಂತಿತು. ಒಬ್ಬ ಸಿಸ್ಟರ್ ಆಕೆಯ ಪಕ್ಕದಲ್ಲೇ ಕೂತರು. ಸಂಜೆ 6ಕ್ಕೆ ಬಾಯಿ 6 ಸೆಂ.ಮೀ., ನೀರಿನ ಚೀಲ ಒಡೆದು ತೆಳು ಹಸಿರು ನೀರು ಬಂತು, ಮಗು ಒಳಗೇ ಮಲ ಮಾಡಿದ ಗುರುತು. ನೋವು ಸಡಿಲವಾಗಿತ್ತು. ಆಕ್ಸಿಟೋಸಿನ್ ಡ್ರಿಪ್ ಬೇಕಾಯಿತು.

ಆ ದಿನ ಅಷ್ಟೆಲ್ಲ ಆದ ಮೇಲೆ ಇನ್ನೊಂದು ನೋವಿನ ಔಷಧಿಯೇ ಅಂತ ಗಂಡ ಮುಖ ಸಣ್ಣ ಮಾಡಿದರು. ಅವರ ಭಯ ತಪ್ಪಲ್ಲ. ಆಕ್ಸಿಟೋಸಿನ್ ಕೂಡ ಅಪಾಯದ ಔಷಧಿಯೇ. ಔಷಧಿ ತಪ್ಪುಗಳ ಮೇಲೆ ಕಣ್ಣಿಡುವ ಅಮೆರಿಕದ ಐಎಸ್‌ಎಂಪಿ ಸಂಸ್ಥೆ 2007ರಲ್ಲಿ ಅದನ್ನು ಹೆಚ್ಚು ಎಚ್ಚರ ಬೇಕಾದ ಔಷಧಿಗಳ ಪಟ್ಟಿಗೆ ಹಾಕಿದೆ. ಆದರೆ ಒಂದು ಅನುಕೂಲ ಇದೆ. ರಕ್ತದಲ್ಲಿ ಅದರ ಅರ್ಧ ಖಾಲಿಯಾಗೋಕೆ ಕೆಲವೇ ನಿಮಿಷ ಸಾಕು. ನಲ್ಲಿ ತಿರುಗಿಸಿದ ಹಾಗೆ ನಿಲ್ಲಿಸಬಹುದು. ಕೊನೆಯ ಮಿಸೊಪ್ರೊಸ್ಟಾಲ್ ಹಾಕಿ ಕನಿಷ್ಠ ನಾಲ್ಕು ಗಂಟೆ ಆಗಿರಬೇಕು, ಇಲ್ಲಿ ಆರು ದಾಟಿತ್ತು. ನಿಮಿಷಕ್ಕೆ 2 ಮಿಲಿಯೂನಿಟ್‌ನಿಂದ ಶುರು ಮಾಡಿ ಅರ್ಧ ಗಂಟೆಗೊಮ್ಮೆ ಎರಡೆರಡು ಏರಿಸಿ, 8ಕ್ಕೆ ನಿಲ್ಲಿಸಿದೆವು. ಹನಿ ಎಣಿಸದೆ ಪಂಪ್‌ನಲ್ಲೇ ಓಡಿಸಿದೆವು.

9.50ಕ್ಕೆ ಹೆರಿಗೆ. ಹೆಣ್ಣು ಮಗು, 3.2 ಕೆ.ಜಿ., ಬಂದ ತಕ್ಷಣ ಅತ್ತಿತು. ಮಾಸು ಬಿದ್ದ ಮೇಲೆ ಗರ್ಭಕೋಶ ಗಟ್ಟಿಯಾಗದೆ ಸುಮಾರು 700 ಮಿ.ಲೀ. ರಕ್ತ ಹೋಯಿತು. ದಿನವಿಡೀ ದುಡಿದು ಸುಸ್ತಾದ ಗರ್ಭಕೋಶ ಹೀಗೆ ಮಾಡುವುದುಂಟು. ಹೊಟ್ಟೆ ಮೇಲಿಂದ ಉಜ್ಜಿ, ಆಕ್ಸಿಟೋಸಿನ್ ಮತ್ತು ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ ಕೊಟ್ಟ ಮೇಲೆ ನಿಂತಿತು.

ಅದು ನಿಲ್ಲದಿದ್ದರೆ ನಾನು ಮುಂದೆ ಕೈ ಹಾಕುತ್ತಿದ್ದ ಔಷಧಿ ಯಾವುದು ಗೊತ್ತೇ? ಅದೇ ಮಿಸೊಪ್ರೊಸ್ಟಾಲ್. ಹೆರಿಗೆಯ ನಂತರದ ರಕ್ತಸ್ರಾವಕ್ಕೆ 800 ಮೈಕ್ರೋಗ್ರಾಂ ನಾಲಿಗೆ ಕೆಳಗೆ. ನಾಲ್ಕು ಪೂರ್ತಿ ಮಾತ್ರೆ. ಮಧ್ಯಾಹ್ನ ಒಂದು ಮಾತ್ರೆಯ ಎಂಟನೇ ಪಾಲು ಜಾಸ್ತಿಯಾಗಿದ್ದ ಅದೇ ಹೆಂಗಸಿಗೆ, ಅದೇ ಡಬ್ಬಿಯಿಂದ, ಅದರ 32 ಪಟ್ಟು. ಮಗು ಒಳಗಿರುವ ತುಂಬು ಗರ್ಭಕೋಶ ಅಷ್ಟು ಸೂಕ್ಷ್ಮ. "ಅವರಿಗೆ ನಾಲ್ಕು ಮಾತ್ರೆ ಕೊಟ್ರು, ನಮಗೆ ಚೂರು ಕೊಟ್ರು" ಅನ್ನುವವರಿಗೂ, ಅಂಗಡಿಯಿಂದ ತಂದು ಮನೆಯಲ್ಲೇ ನೋವು ಬರಿಸಿಕೊಳ್ಳೋಣ ಅಂದುಕೊಳ್ಳುವವರಿಗೂ ಈ 32ರ ಲೆಕ್ಕ ಗೊತ್ತಿರಲಿ.

ಆಮೇಲೆ

ಮರುದಿನ ಉಳಿದ ತುಂಡುಗಳನ್ನು ಔಷಧಿ ವಿಭಾಗದ ಸಣ್ಣ ತಕ್ಕಡಿಯಲ್ಲಿ ತೂಗಿಸಿದೆ. ದೊಡ್ಡ ತುಂಡು ಚಿಕ್ಕದರ ಒಂದೂವರೆ ಪಟ್ಟು ಇತ್ತು. ಆಕೆಗೆ ಹೋದದ್ದು ಯಾವ ಅಳತೆಯದ್ದು ಅಂತ ಹೇಳೋರು ಯಾರೂ ಇಲ್ಲ. 25 ಅಂತ ಬರೆದಿದ್ದೆವು ಅಷ್ಟೇ. 25ರದ್ದೇ ಮಾತ್ರೆ ಸಿಗುವ ಕಡೆ ಈ ತಾಪತ್ರಯ ಇಲ್ಲ. ಸಿಗದ ಕಡೆಗೂ ಸುಲಭದ ದಾರಿ ಇದೆ: 200ರ ಒಂದು ಮಾತ್ರೆಯನ್ನು 200 ಮಿ.ಲೀ. ನೀರಿನಲ್ಲಿ ಪೂರ್ತಿ ಕದಡಿದರೆ ಮಿಲಿಲೀಟರ್‌ಗೆ 1 ಮೈಕ್ರೋಗ್ರಾಂ. ಪ್ರತಿ ಸಲ ಚೆನ್ನಾಗಿ ಕಲಕಿ 25 ಮಿ.ಲೀ. ಅಳೆದು ಎರಡು ಗಂಟೆಗೊಮ್ಮೆ ಕುಡಿಸೋದು. ಬಾಯಿಂದ ಕೊಟ್ಟದ್ದು ಬೇಗ ಇಳಿಯುವುದರಿಂದ ಮುಂದಿನದನ್ನು ತಡೆದರೆ ಸಾಕು. ನಾಗಪುರದಲ್ಲಿ ಬಿಪಿ ಇದ್ದ 602 ಬಸುರಿಯರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಾಯಿಂದ 25 ಮೈಕ್ರೋಗ್ರಾಂ ಪಡೆದವರಲ್ಲಿ ಶೇ. 57 ಮಂದಿಗೆ 24 ಗಂಟೆಯೊಳಗೆ ಸಹಜ ಹೆರಿಗೆಯಾಯಿತು. ಫೋಲಿ ಬಲೂನಿನವರಲ್ಲಿ ಶೇ. 47. ನಾವು ನೀರಿಗೇ ಬದಲಾದೆವು. ಬ್ಲೇಡ್ ಟ್ರೇಯಿಂದ ಹೋಯಿತು. ಒಬ್ಬ ಹಿರಿಯ ಸಿಸ್ಟರ್ ಮಾತ್ರ ಇವತ್ತಿಗೂ ಗೊಣಗುತ್ತಾರೆ, ಎರಡು ಗಂಟೆಗೊಮ್ಮೆ ಲೋಟ ಹಿಡಿದು ಓಡಾಡಬೇಕಲ್ಲ ಅಂತ. ಆ ಓಡಾಟದಲ್ಲೇ ಎರಡು ಗಂಟೆಗೊಮ್ಮೆ ಯಾರಾದರೂ ಹೋಗಿ ಮುಖ ನೋಡಿದಂತಾಗುತ್ತದೆ. ನನಗೆ ಬೇಕಾದ್ದೂ ಅದೇ.

ಚಾರ್ಟಿನಲ್ಲಿ ಒಂದು ಹೊಸ ಸಾಲು ಸೇರಿಸಿದೆವು. ಪ್ರತಿ ಡೋಸ್‌ಗೆ ಮುಂಚೆ ಹೊಟ್ಟೆ ಮೇಲೆ ಹತ್ತು ನಿಮಿಷ ಕೈ. ಎಷ್ಟು ಸಲ ಗಟ್ಟಿಯಾಯಿತು ಅಂತ ಅಂಕಿ. ಮೂರು ಅಥವಾ ಜಾಸ್ತಿ ಇದ್ದರೆ ಡೋಸ್ ಇಲ್ಲ. "ನೋವು ಇದ್ಯಾ?" ಅನ್ನುವ ಪ್ರಶ್ನೆ ತೆಗೆದು "ಸೊಂಟ, ತೊಡೆ, ಹೊಟ್ಟೆ, ಎಲ್ಲಾದ್ರೂ ಹಿಡಿದು ಬಿಡ್ತಿದ್ಯಾ?" ಅಂತ ಹಾಕಿದೆವು. ಜೊತೆಗಿರುವವರನ್ನೂ ಕೇಳಬೇಕು ಅಂತಲೂ ಬರೆದಿದ್ದೇವೆ. ಕಿರಿಯ ವೈದ್ಯೆ ಎರಡು ವಾರ ಸಪ್ಪಗಿದ್ದರು. ಅವರನ್ನು ಕೂರಿಸಿ ನನ್ನ ಆ ದಿನದ ಆರ್ಡರ್ ತೋರಿಸಿದೆ. ಅದರಲ್ಲಿ ಏನಿಲ್ಲ ಅಂತ ಅವರೇ ಹುಡುಕಿ ಹೇಳಿದರು.

ಮೂರನೇ ದಿನ ಮನೆಯವರ ಜೊತೆ ಕೂತು ಎಲ್ಲ ಹೇಳಿದೆ. ಗಂಡ ಕೇಳಿದರು: "ಹಾಗಾದ್ರೆ ಮಾತ್ರೆ ಹಾಕಬಾರದಿತ್ತಾ ಮೇಡಂ?" ಮೊದಲನೆಯದು ಸರಿ, ಎರಡನೆಯದು ತಪ್ಪು ಅಂದೆ. ಅವರು ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ ತಾಯಿ ಹೇಳಿದರು, "ನನ್ನನ್ನ ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ."

ಆರು ವಾರದ ಪರೀಕ್ಷೆಗೆ ಆಕೆ ಮಗುವನ್ನು ಎತ್ತಿಕೊಂಡು ಬಂದಳು. ಮುಂದಿನ ಸಲವೂ ಬೇಕಾದರೆ ನೋವು ಬರಿಸಬಹುದಾ ಅಂತ ವಿಚಾರಿಸಿದಳು. ಗರ್ಭಕೋಶಕ್ಕೆ ಹೊಲಿಗೆ ಬಿದ್ದಿಲ್ಲ, ಹಾಗಾಗಿ ಬರಿಸಬಹುದು ಅಂದೆ. ಡಿಸ್ಚಾರ್ಜ್ ಚೀಟಿ ವಾಪಸ್ ಇಸಿದುಕೊಂಡು ಕೆಳಗೆ ಒಂದು ಸಾಲು ಬರೆದೆ: ಮಿಸೊಪ್ರೊಸ್ಟಾಲ್ 25, ಎರಡನೇ ಡೋಸ್‌ಗೆ ಅತಿಯಾದ ನೋವು, ಮಗುವಿನ ಎದೆಬಡಿತ ಇಳಿಕೆ, ಮುಂದೆ ನೋವು ನೋಡದೆ ಡೋಸ್ ಬೇಡ. ಎಲ್ಲಿಗೆ ಹೋದರೂ ತೋರಿಸಿ ಅಂದೆ. ಆಕೆ ಚೀಟಿಯನ್ನು ಹತ್ತಿರ ಹಿಡಿದಳು, ದೂರ ಹಿಡಿದಳು. ನನ್ನ ಅಕ್ಷರ ಓದಲಾಗಲಿಲ್ಲ. ಪೆನ್ನು ಕೇಳಿ ಇಸಿದುಕೊಂಡು, ನನ್ನ ಕೈಯಲ್ಲೇ ಇನ್ನೊಂದ್ಸಲ ಓದಿಸಿ, ಅದೇ ಸಾಲನ್ನು ಕೆಳಗೆ ತಾನೇ ದುಂಡಗೆ ಬರೆದುಕೊಂಡಳು.